ಹಸಿ ಬಣ್ಣದ ಮೇಲೆ ವಿಭೂತಿ

ಬೊರಿವಲಿಯಿಂದ ಗೋರೆಗಾಂವ್‌ಗೆ ಲೋಕಲ್‌ನಲ್ಲಿ ಬಹಳ ದೂರವೇನಿಲ್ಲ. ಆದರೂ ಇಳಿಯುವ ಹೊತ್ತಿಗೇ ನಾನು ಒಂದು ದಿನದ ದುಡಿಮೆ ಮುಗಿಸಿದವನಂತೆ ಸುಸ್ತಾಗಿರುತ್ತೇನೆ. ಹದಿನೆಂಟು ವರ್ಷದಿಂದ ಇದೇ ಪಾಡು. ಏನು ಕೆಲಸ ಎಂದು ಯಾರಾದರೂ ಕೇಳಿದರೆ "ಪೇಂಟಿಂಗ್" ಎಂದು ಸುಮ್ಮನಾಗುತ್ತೇನೆ. ಬಂದೂಕಿಗೆ ಬಣ್ಣ ಹೊಡೆಯುತ್ತೇನೆ ಎಂದರೆ ಮೂರು ಸ್ಟೇಷನ್ ದಾಟುವವರೆಗೆ ವಿವರಣೆ ಕೊಡಬೇಕು.

ಅವು ಅಸಲಿ ಬಂದೂಕಲ್ಲ, ಏರ್‌ಸಾಫ್ಟ್. ಪ್ಲಾಸ್ಟಿಕ್ ಗುಂಡು ಹಾರಿಸುವ ಆಟದ ಬಂದೂಕುಗಳು, ನೋಡಲು ಮಾತ್ರ ಥೇಟ್ ಅಸಲಿಯಂತೆ. ನಮ್ಮ ಸೇಠ್ ಅವನ್ನು ಧಾರಾವಾಹಿಗಳ ಶೂಟಿಂಗ್‌ಗೆ ಬಾಡಿಗೆ ಕೊಡುತ್ತಾರೆ. ಕರ್ರಗೆ ಬಂದ ಬಂದೂಕನ್ನು ಕಾಡಿನಲ್ಲಿ ಕರಗಿಹೋಗುವ ಹಾಗೆ ಹಸಿರು, ಕಂದು, ಮಣ್ಣಿನ ಬಣ್ಣದಲ್ಲಿ ಮಚ್ಚೆ ಮಚ್ಚೆ ಮಾಡುವುದು ನಮ್ಮ ಕೆಲಸ. ಕಣ್ಣಿಗೆ ಬೀಳಬಾರದೆಂದು ನಾವು ಇಷ್ಟು ಒದ್ದಾಡುತ್ತೇವೆ, ಹೀರೋ ಅದನ್ನೇ ಕ್ಯಾಮೆರಾ ಮುಂದೆ ಹಿಡಿದು ಕುಣಿಸುತ್ತಾನೆ.

ನನಗೆ ಕೆಲಸ ಕಲಿಸಿದವರು ಕಾಕಾ. ರಕ್ತಸಂಬಂಧವೇನಿಲ್ಲ. ಅವರು ಬೆಳಗಾವಿ ಕಡೆಯವರು, ನಾನು ವಿಜಯಪುರದವನು, ಮುಂಬೈಯಲ್ಲಿ ಅಷ್ಟು ಸಾಕು. ಬಂದೂಕನ್ನು ಸೋಪಿನ ನೀರಲ್ಲಿ ತೊಳೆದು ಜಿಡ್ಡು ತೆಗೆಯುವುದು, ಪಾಲಿಶ್ ಪೇಪರಿನಿಂದ ತಿಕ್ಕುವುದು, ಮೊದಲು ತಿಳಿಬಣ್ಣ, ಆಮೇಲೆ ಗಾಢ, ಎಲ್ಲ ಅವರು ಹೇಳಿಕೊಟ್ಟದ್ದೇ. ಮಚ್ಚೆ ಮೂಡಿಸಲು ಅಂಗಡಿಯಲ್ಲಿ ಸಿಗುವ ಅಚ್ಚುಗಳನ್ನು ಅವರು ಮುಟ್ಟುತ್ತಿರಲಿಲ್ಲ. ನಾವು ಕೆಲಸ ಮಾಡುವ ಶೆಡ್ಡಿನ ಹಿಂದಿನ ಗಿಡಗಳಿಂದ ನಿಜವಾದ ಎಲೆಗಳನ್ನು ಕಿತ್ತು ತಂದು ಬಂದೂಕಿನ ಮೇಲೆ ಇಟ್ಟು ಬಣ್ಣ ಹೊಡೆಯುತ್ತಿದ್ದರು. ಎಲೆ ತೆಗೆದರೆ ಅದರ ಆಕಾರ ಅಲ್ಲೇ ಉಳಿಯುತ್ತಿತ್ತು. ಕೆಲವು ಸಲ ಈರುಳ್ಳಿ ಚೀಲದ ಬಲೆ ಹಾಸಿ ಹೊಡೆದರೆ ಹಾವಿನ ಪೊರೆಯಂಥ ನಕ್ಷೆ ಬರುತ್ತಿತ್ತು.

ಕಳೆದ ವರ್ಷ ಅವರ ಕಣ್ಣಿಗೆ ಪೊರೆ ಬಂತು. ಹಸಿರು ಯಾವುದು, ಕಂದು ಯಾವುದು ಎಂದು ಡಬ್ಬಿಯನ್ನು ಮೂಗಿನ ಹತ್ತಿರ ಹಿಡಿದು ನೋಡತೊಡಗಿದರು. ಸೇಠ್‌ಗೆ ತಿಳಿದರೆ ಅವತ್ತೇ ಮನೆಗೆ ಕಳಿಸುತ್ತಿದ್ದರು. ಮಧ್ಯಾಹ್ನ ಡಬ್ಬಿ ಊಟ ಮಾಡಿ ಕಾಕಾ ಅರ್ಧ ತಾಸು ಒರಗುತ್ತಿದ್ದರು. ಆ ಹೊತ್ತಿನಲ್ಲಿ ನಾನು ಅವರ ಬಂದೂಕುಗಳನ್ನು ತಿದ್ದುತ್ತಿದ್ದೆ. ಮೊದಮೊದಲು ಪ್ರೀತಿಯಿಂದಲೇ ಮಾಡಿದೆ. ಆರು ತಿಂಗಳಾಗುವ ಹೊತ್ತಿಗೆ ಬೇಸತ್ತುಹೋಗಿದ್ದೆ. ಒಬ್ಬನ ಸಂಬಳಕ್ಕೆ ಇಬ್ಬರ ಕೆಲಸ. ಹೇಳಿಕೊಳ್ಳುವ ಹಾಗೂ ಇಲ್ಲ, ಬಿಡುವ ಹಾಗೂ ಇಲ್ಲ.

ಆಗ ಖಂಡೇನವಮಿ ಬಂತು. ನಮ್ಮ ಕಡೆ ಆವತ್ತು ಆಯುಧಪೂಜೆ. ಕೆಲಸದ ಸಾಮಾನಿಗೆ ವಿಭೂತಿ, ಕುಂಕುಮ ಹಚ್ಚಿ ಕಾಯಿ ಒಡೆಯದೆ ಯಾವುದನ್ನೂ ಮುಟ್ಟುವುದಿಲ್ಲ. ಶೆಡ್ಡಿನಲ್ಲಿ ಈ ಪದ್ಧತಿ ತಂದವರೇ ಕಾಕಾ. ಬೆಳಿಗ್ಗೆ ಅವರು ಚೆಂಡುಹೂವು ತರಲು ಸ್ಟೇಷನ್ ಕಡೆ ಹೊರಟರು.

"ತಮ್ಮಾ, ಅಷ್ಟರಾಗ ನೀ ಪೂಜಿ ಶುರು ಮಾಡು. ಸೇಠ್ ಬರೋ ಹೊತ್ತಾತು," ಅಂದರು.

ಕಂಪ್ರೆಸರ್‌ಗೆ ವಿಭೂತಿ ಹಚ್ಚಿದೆ, ಸ್ಪ್ರೇ ಗನ್‌ಗಳಿಗೆ ಹಚ್ಚಿದೆ. ಮೇಜಿನ ಮೇಲೆ ಪೇಪರ್ ಹಾಸಿ ಹನ್ನೆರಡು ಬಂದೂಕು ಸಾಲಾಗಿ ಇಟ್ಟಿದ್ದೆವು, ಮಧ್ಯಾಹ್ನ ಶೂಟಿಂಗ್‌ನವರು ಒಯ್ಯಬೇಕಾದವು. ಆಟದ್ದಾದರೇನು, ಆಯುಧ ಆಯುಧವೇ ಎಂದು ಅವಕ್ಕೂ ಮೂರು ಬೆರಳಿನಿಂದ ವಿಭೂತಿ ಎಳೆದೆ, ನಡುವೆ ಕುಂಕುಮ ಇಟ್ಟೆ. ಅರ್ಧ ನಿದ್ದೆಯಲ್ಲಿದ್ದೆ. ಹನ್ನೆರಡೂ ಮುಗಿದ ಮೇಲೆ ಬೆರಳು ಅಂಟಂಟು ಅನ್ನಿಸಿತು. ಕೊನೆಯ ಸಲ ಹೊಡೆದ ಬಣ್ಣ ಇನ್ನೂ ಒಣಗಿರಲಿಲ್ಲ. ಮುಟ್ಟಿ ನೋಡದೆ ಮುಂದಿನ ಕೆಲಸ ಮಾಡಬೇಡ ಎಂದು ಕಾಕಾ ನೂರು ಸಲ ಹೇಳಿದ್ದರು. ಒರೆಸಲು ಹೋದೆ, ಕುಂಕುಮ ಹಸಿರಿನೊಳಗೆ ಇನ್ನಷ್ಟು ಹರಡಿತು.

ಕಾಕಾ ಹೂವು ಹಿಡಿದುಕೊಂಡು ಬಂದರು. ಅವರು ಹೂವು ಕೆಳಗಿಡುವಷ್ಟರಲ್ಲಿ ಪೇಢಾ ಡಬ್ಬಿ ಹಿಡಿದು ಸೇಠ್ ಬಂದರು.

"ಯೇ ಕಿಸ್ನೇ ಕಿಯಾ?" ಮೇಜಿನ ಕಡೆ ನೋಡಿ ಸೇಠ್ ಕೂಗಿದರು. ಯಾರು ಮಾಡಿದ್ದು ಇದು?

ನಾನು ಬಾಯಿ ತೆರೆದೆ. ಮಗಳ ಕಾಲೇಜು, ಮನೆಯ ಬಾಡಿಗೆ, ಎಲ್ಲ ಒಟ್ಟಿಗೆ ನೆನಪಾಗಿ ಮತ್ತೆ ಮುಚ್ಚಿದೆ. ಕಾಕಾ ಮೇಜಿನ ಮೇಲೆ ಬಾಗಿ, ಒಂದು ಬಂದೂಕನ್ನು ಬೆರಳಿನಿಂದ ಸವರಿದರು. ನನ್ನ ಕಡೆ ನೋಡಲಿಲ್ಲ.

"ಮೈನೇ ಕಿಯಾ, ಸೇಠ್. ಅಬ್ ಆಂಖ್ ಸೇ ದಿಖ್ತಾ ನಹೀಂ," ಅಂದರು. ನಾನೇ ಮಾಡಿದ್ದು, ಈಗ ಕಣ್ಣು ಕಾಣುವುದಿಲ್ಲ ಎಂದು.

ನನ್ನ ಬೆರಳುಗಳಲ್ಲಿ ವಿಭೂತಿ ಹಾಗೇ ಇತ್ತು. ಸೇಠ್ ಅದನ್ನು ನೋಡಲಿಲ್ಲ, ನಾನೂ ತೋರಿಸಲಿಲ್ಲ. ಕಾಕಾನನ್ನು ಆವತ್ತೇ ಕಳಿಸಿಬಿಟ್ಟರು. ಗೇಟಿನ ತನಕ ಹೋದೆ.

"ಕಾಕಾ, ನಂದಽ ತಪ್ಪು ಅಂತ ಹೇಳಿಬಿಡ್ತೇನ್ರಿ."

"ಹುಚ್ಚ ಏನು ನೀ? ನನ್ನ ಕಣ್ಣು ಹೆಂಗೂ ಹೋಗ್ಯಾವ. ಇವತ್ತಲ್ಲ ನಾಳೆ ಹೊರಗ ಹಾಕವ್ರಽ ಇದ್ರು. ಹೋಗು, ಅವನ್ನೆಲ್ಲಾ ತಿಕ್ಕಿ ಮತ್ತ ಹೊಡಿ."

ಹೋದೆ. ತಿಕ್ಕಿದೆ, ಮತ್ತೆ ಹೊಡೆದೆ. ಮರುದಿನದಿಂದ ಕಿಟಕಿ ಪಕ್ಕದ ಅವರ ಜಾಗ ನನ್ನದಾಯಿತು. ಅಲ್ಲಿ ಗಾಳಿ ಚೆನ್ನಾಗಿ ಬರುತ್ತದೆ, ಥಿನ್ನರ್ ವಾಸನೆ ಅಷ್ಟಾಗಿ ತಲೆಗೆ ಏರುವುದಿಲ್ಲ. ಮಧ್ಯಾಹ್ನ ತಿದ್ದುವ ಕೆಲಸವೂ ತಪ್ಪಿತು. ಬಹಳ ದಿನಗಳ ಮೇಲೆ ಊಟವಾದ ನಂತರ ನಾನೂ ಅರ್ಧ ತಾಸು ಒರಗಿದೆ. ನಾಚಿಕೆಯಾಯಿತು. ಆದರೂ ನಿದ್ದೆ ಬಂತು.

ಮೂರು ತಿಂಗಳಾದ ಮೇಲೆ ಕಾಕಾ ಫೋನ್ ಮಾಡಿದರು. ಎರಡೂ ಕಣ್ಣಿನ ಆಪರೇಷನ್ ಆಗಿತ್ತು.

"ಎಲಿಯೊಳಗಿನ ನರಾ ಸೈತ ಕಾಣಸ್ತಾವಪಾ! ಮನ್ಯಾಗ ಕೂತು ಕೈಕಾಲು ಜೋಮು ಹಿಡದಾವು. ಸೇಠ್‌ಗ ಒಂದು ಮಾತು ಹೇಳಿ ನೋಡ್ತೀಯೇನು?"

ಹೇಳುವುದು ಏನೂ ಕಷ್ಟವಿರಲಿಲ್ಲ. ಕೆಲಸ ಜಾಸ್ತಿಯಾಗಿತ್ತು, ಸೇಠ್ ತಾವೇ ಆ ವಾರ ಕೇಳಿದರು, ಮುದುಕನನ್ನು ಮತ್ತೆ ಕರೆಸೋಣವೇ, ಅವನ ಕಣ್ಣು ಈಗ ಹೇಗಿದೆ ಎಂದು. ಕಾಕಾ ವಾಪಸು ಬಂದರೆ ಎಂದಾದರೂ ಒಂದು ದಿನ ನಿಜ ಹೊರಗೆ ಬಂದೀತು ಎಂಬ ಹೆದರಿಕೆ ನನಗೆ. ಅದಕ್ಕಿಂತ ಹೆಚ್ಚಾಗಿ ದಣಿವು. ದಿನಾ ಅವರ ಮುಖ ನೋಡುವ ಶಕ್ತಿ ನನ್ನಲ್ಲಿ ಉಳಿದಿರಲಿಲ್ಲ. ಕಣ್ಣು ಇನ್ನೂ ಸರಿಹೋಗಿಲ್ಲ ಸೇಠ್, ಎಂದೆ.

ಸಂಜೆ ಸ್ಟೇಷನ್‌ನಲ್ಲಿ ನಿಂತು ಕಾಕಾಗೆ ಫೋನ್ ಮಾಡಿದೆ. ಸೇಠ್ ಒಪ್ಪಲಿಲ್ಲ ಎಂದೆ.

"ಇರಲಿ ಬಿಡಪಾ," ಅಂದರು. "ನನ್ನ ಸಲುವಾಗಿ ನೀನರ ಒಂದು ಮಾತು ಕೇಳಿದಿ. ಅಷ್ಟು ಯಾರು ಮಾಡ್ತಾರ?"