ಸದ್ದು ಮಾಡದ ಗಿರಣಿ

ರೂಝಾ ಕಾಫಿಗೆ ಬರುವುದನ್ನು ಬಿಟ್ಟು ಒಂದು ವಾರವಾಗಿತ್ತು. ಅವಳು ಎದುರು ಬಾಗಿಲಿನವಳು. ಸರಾಯೆವೊ ನಗರದ ಆ ಕಟ್ಟಡಕ್ಕೆ ಮದುವೆಯಾಗಿ ಬಂದಾಗಿನಿಂದ ಶೆಫಿಕಾಳ ಬೆಳಗಿನ ಕಾಫಿ ತಪ್ಪಿಸಿದವಳಲ್ಲ. ಈಗ ಮೆಟ್ಟಿಲ ಮೇಲೆ ಎದುರಾದರೂ ಮುಖ ತಿರುವಿಕೊಂಡು ಹೋಗುತ್ತಾಳೆ.

ಶೆಫಿಕಾಳಿಗೆ ಊಟ ಸೇರದು, ನಿದ್ದೆ ಹತ್ತದು. ಕಾಫಿ ಬೀಸುವ ಹಳೆಯ ಕೈಗಿರಣಿಯ ಹಲ್ಲು ಸವೆದುಹೋಗಿದ್ದರಿಂದ ಮಗಳು ಕರೆಂಟಿನದೊಂದು ತಂದುಕೊಟ್ಟಿದ್ದಳು. ಅದು ಗುರ್ ಎಂದು ಕ್ಷಣದಲ್ಲೇ ಬೀಜವನ್ನು ತರಿತರಿಯಾಗಿ ಒಡೆದುಹಾಕುತ್ತಿತ್ತು. ಆ ಪುಡಿಗೆ ನೊರೆ ಏಳಲಿಲ್ಲ. ರೂಝಾಳ ಬಟ್ಟಲಿಗೆ ಬರೀ ಕಪ್ಪು ನೀರು ಬಿತ್ತು, ಅದೂ ಅವಳ ನಾದಿನಿಯ ಎದುರಿಗೆ. ಮನೆಗೆ ಬಂದವರಿಗೆ ನೊರೆ ತಪ್ಪಿಸುವುದೂ ಒಂದೇ, ಎದ್ದು ಹೋಗು ಅನ್ನುವುದೂ ಒಂದೇ.

ಹೊಸ ಕೈಗಿರಣಿ ಕೊಳ್ಳಲು ತಾಮ್ರಗಾರರ ಓಣಿಗೆ ಹೋದಾಗ ಅಂಗಡಿಯ ಮುದುಕ ನಸುಫ್ ಹೂಬಳ್ಳಿ ಕೆತ್ತಿದ ಹಿತ್ತಾಳೆ ಗಿರಣಿಯೊಂದನ್ನು ಮುಂದಿಟ್ಟ.

"ಉಸ್ತಾದ್, ಇದು ಪ್ರವಾಸಿಗಳಿಗೆ ಮಾರೋ ಬೊಂಬೆ. ನನಗೆ ಬೀಸೋದು ಬೇಕು."

"ಹಾಗಾದ್ರೆ ಇದನ್ನ ತಗೋ ತಾಯಿ. ಒಳಗಿರೋದು ಉಕ್ಕಿನ ಹಲ್ಲು. ಬೆಣ್ಣೆ ಹಾಗೆ ತಿರುಗುತ್ತೆ, ಪಕ್ಕದಲ್ಲಿ ಮಲಗಿದ ಗಂಡನಿಗೂ ಕೇಳಿಸಲ್ಲ."

"ನನ್ನ ಗಂಡ ಫಿರಂಗಿ ಹಾರಿಸಿದ್ರೂ ಏಳ್ತಿರ್ಲಿಲ್ಲ ಬಿಡಿ."

ಮನೆಯಿಂದ ತಂದಿದ್ದ ಬೀಜ ಹಾಕಿ ಬೀಸಿ, ಪುಡಿಯನ್ನು ಬೆರಳಲ್ಲಿ ತಿಕ್ಕಿ ನೋಡಿದಳು. ಹಿಟ್ಟಿನಷ್ಟು ನುಣುಪಾಗಿತ್ತು. ಕೊಂಡು ತಂದಳು. ಆದರೂ, ಇದಕ್ಕೂ ನೊರೆ ಬರದಿದ್ದರೆ?

ಮರುದಿನ ಬೆಳಿಗ್ಗೆ ಅಡುಗೆಮನೆಯಲ್ಲಿ ಕೂತು ಬೀಸತೊಡಗಿದಳು. ಹಿಡಿ ನುಣ್ಣಗೆ ತಿರುಗಿತು, ಸದ್ದೇ ಇಲ್ಲ. ಅವಳ ಕೈ ತಟ್ಟನೆ ನಿಂತಿತು. ಈ ಕಟ್ಟಡದಲ್ಲಿ ಕಾಫಿಗೆ ಬಾ ಎಂದು ಯಾರು ಯಾರನ್ನು ಕರೆದಿದ್ದಾರೆ? ಗಿರಣಿಯ ಗರಗರ ಗೋಡೆಯಾಚೆ ಕೇಳಿಸಿದರೆ ಅದೇ ಕರೆ. ಕರೆಂಟಿನದು ಕೂಗಿ ಮುಗಿಸುವಷ್ಟರಲ್ಲಿ ಯಾರ ಕಿವಿಗೆ ಬಿದ್ದೀತು? ಇದಂತೂ ಮೂಕಿ. ಹೋಗಿ ಗಂಟೆ ಒತ್ತೋಣವೆಂದರೆ, ಅದು ಮೀಟರು ನೋಡಲು ಬರುವವನ ಕೆಲಸ. ರೂಝಾಳನ್ನು ಪೂರಾ ಹೊರಗಿನವಳನ್ನಾಗಿ ಮಾಡಿದಂತೆ.

ಶೆಫಿಕಾ ಬಾಗಿಲು ತೆರೆದು ಮೆಟ್ಟಿಲಿಗೆ ಬಂದಳು. ಗಿರಣಿಯನ್ನು ಮೆಟ್ಟಿಲ ಪಕ್ಕದ ಕಬ್ಬಿಣದ ಕಂಬಿಗೆ ಒತ್ತಿ ಹಿಡಿದು ತಿರುಗಿಸಿದಳು. ಕಂಬಿ ಗರಗರನೆ ಅದುರಿ ಮೇಲಿಂದ ಕೆಳಗಿನವರೆಗೂ ಮೊಳಗಿತು. ಎದುರು ಬಾಗಿಲು ಅಲುಗಲಿಲ್ಲ. ತೋಳು ಸೋತರೂ ಬೀಸುತ್ತಲೇ ಇದ್ದಳು.

ಕೊನೆಗೆ ಚಿಲಕ ಸರಿದು ರೂಝಾ ಇಣುಕಿದಳು.

"ಒಳಗೆ ಜಾಗ ಇಲ್ವೇನೆ? ಸತ್ತೋರನ್ನೂ ಎಬ್ಬಿಸ್ತಿದೀಯಲ್ಲ!"

"ಕೇಳಿಸ್ತಾ?"

"ನನ್ನ ನಾದಿನಿ ಮುಂದೆ ನೊರೆಯಿಲ್ಲದ ಕಾಫಿ ಕೊಟ್ಟೆ. ಮಾರನೇ ದಿನದಿಂದ ಬೀಸೋ ಸದ್ದೂ ಇಲ್ಲ. ನಾನೇನು ತಿಳ್ಕೋಬೇಕಿತ್ತು?"

"ಅದು ಮಗಳು ತಂದ ಯಂತ್ರ ಕಣೇ, ರೂಝಾ. ದೇವರಾಣೆ, ನನ್ನ ಮನಸ್ಸಲ್ಲಿ ಏನೂ ಇರ್ಲಿಲ್ಲ."

ರೂಝಾ ಮೆಟ್ಟಿಲ ಮೇಲೆ ಕುಳಿತು, ಗಿರಣಿ ಕಸಿದುಕೊಂಡು ಮೊಣಕಾಲ ನಡುವೆ ಸಿಕ್ಕಿಸಿದಳು.

"ನೀರಿಡು ಹೋಗು. ಉಳಿದದ್ದು ನಾನು ಬೀಸ್ತೀನಿ."