ಬಾಗಿಲಿಗೆ ಬೇವಿನ ಸೊಪ್ಪು

ನಮ್ಮ ಮನೆಯ ಬಾಗಿಲಿಗೆ ವರ್ಷವಿಡೀ ಬೇವಿನ ಸೊಪ್ಪು ತೂಗುತ್ತಿತ್ತು. ಹುತ್ತೂರಿನ ಸುತ್ತ ರೇಷ್ಮೆ ಹುಳ ಸಾಕುವವರಿಗೆ ಅದರ ಅರ್ಥ ಗೊತ್ತು: ಒಳಗೆ ಹುಳ ಇದೆ, ಹೊರಗಿನವರು ಹೊಸ್ತಿಲು ದಾಟಬಾರದು. ಕಾಯಿಲೆ ತಂದಾರು, ದೃಷ್ಟಿ ತಾಗೀತು. ಬೇರೆಯವರ ಮನೆಯಲ್ಲಿ ಗೂಡು ಬಿಡಿಸಿದ ದಿನ ಸೊಪ್ಪೂ ಇಳಿಯುತ್ತಿತ್ತು. ನಮ್ಮಲ್ಲಿ ಹುಳ ಸಾಕುವ ಬಿದಿರು ತಟ್ಟೆಗಳು ಖಾಲಿಯಾಗಿ ಬಿಸಿಲಿಗೆ ಒರಗಿರುವಾಗಲೂ ಅಪ್ಪ ಹೊಸ ಸೊಪ್ಪು ಮುರಿದು ತಂದು ಕಟ್ಟುತ್ತಿದ್ದರು.

ಅದು ಹುಳದ ರಕ್ಷಣೆಗಲ್ಲ, ಅಪ್ಪನ ರಕ್ಷಣೆಗೆ.

ತುರ್ತು ಪರಿಸ್ಥಿತಿಯ ಕಾಲದಲ್ಲಿ ಸಂತಾನಹರಣದ ಆಪರೇಷನ್ನಿಗೆ ಗಂಡಸರನ್ನು ಹುಡುಕಿಕೊಂಡು ಜೀಪು ಬರುತ್ತಿತ್ತು. ಸದ್ದು ಕೇಳಿದ್ದೇ ತಡ, ಊರಿನ ಅರ್ಧ ಗಂಡಸರು ಹಿಪ್ಪುನೇರಳೆ ತೋಟದೊಳಗೆ ಕುಕ್ಕರುಗಾಲಲ್ಲಿ ಕೂತಿರುತ್ತಿದ್ದರು. ಅಪ್ಪ ಮರ್ಯಾದಸ್ಥರು, ಓಡುತ್ತಿರಲಿಲ್ಲ. ಬೇವಿನ ಸೊಪ್ಪಿನ ಕೆಳಗೆ ನಿಂತು, ಗಾಬರಿಯಾದಾಗ ತಾನಾಗಿ ಬರುವ ತೆಲುಗಿನಲ್ಲಿ, “ಪುರುಗುಲುನ್ನಾಯಿ ಸಾರ್, ಲೋಪಲಿಕಿ ರಾಕೂಡದು!” ಎನ್ನುತ್ತಿದ್ದರು. ಹುಳ ಇದೆ, ಒಳಗೆ ಬರಬಾರದು ಅಂದರೆ ಸರ್ಕಾರವೂ ಅಂಗಳದಲ್ಲೇ ನಿಲ್ಲಬೇಕಾದ ಸೀಮೆ ನಮ್ಮದು.

ಆಪರೇಷನ್ ಆದರೆ ಗಂಡಸು ಭಾರ ಎತ್ತಲಾರ ಎಂಬುದು ಅಪ್ಪನ ವಾದ. ಮನೆಯಲ್ಲಿ ಹಿಪ್ಪುನೇರಳೆ ಸೊಪ್ಪಿನ ಹೊರೆ, ನೀರಿನ ಕೊಡ, ರಾಗಿ ಮೂಟೆ ಎಲ್ಲವನ್ನೂ ಎತ್ತುತ್ತಿದ್ದವಳು ಅಮ್ಮ ಎಂಬ ಸಣ್ಣ ವಿಷಯ ಆ ವಾದಕ್ಕೆ ಎಂದೂ ಅಡ್ಡ ಬರಲಿಲ್ಲ.

ಶಾಲೆಯ ಗೋಡೆಯ ಮೇಲೆ ಕುಟುಂಬ ಯೋಜನೆಯ ಕೆಂಪು ತ್ರಿಕೋನ ಬರೆದಿದ್ದರು. ಪಕ್ಕದಲ್ಲಿ ಅಪ್ಪ, ಅಮ್ಮ, ಎರಡು ಮಕ್ಕಳು, ಎಲ್ಲರೂ ನಗುತ್ತಿದ್ದರು. ನಾನು ನಾಲ್ಕನೆಯವನು. ಸರ್ಕಾರ ಹೆಚ್ಚುವರಿ ಮಕ್ಕಳನ್ನು ವಾಪಸು ತೆಗೆದುಕೊಳ್ಳಲು ಬಂದರೆ ಯಾರನ್ನು ಕೊಡುತ್ತಾರೆ? ಐದನೆಯವಳಾದ ತಂಗಿ ಮುದ್ದಾಗಿದ್ದಳು, ಅವಳನ್ನು ಬಿಟ್ಟಾರು. ಆದ್ದರಿಂದ ನಾನು ಎಲ್ಲರಿಗಿಂತ ಒಂದು ಬುಟ್ಟಿ ಹೆಚ್ಚು ಸೊಪ್ಪು ಕೊಯ್ದು, ನನ್ನನ್ನು ಉಳಿಸಿಕೊಂಡರೆ ಲಾಭವಿದೆ ಎಂದು ತೋರಿಸುತ್ತಿದ್ದೆ. ಇವತ್ತಿಗೂ ರೇಷನ್ ಕಾರ್ಡು ಕೈಗೆ ಬಂದರೆ ನನ್ನ ಹೆಸರು ಇದೆಯೇ ಎಂದು ಎರಡು ಸಲ ನೋಡುತ್ತೇನೆ.

ತಂಗಿ ಹುಟ್ಟಿದಾಗಿನಿಂದ ನನ್ನ ಚಿಂತೆಗೆ ಇನ್ನೊಂದು ಕೆಲಸವೂ ಸಿಕ್ಕಿತ್ತು. ಆ ಹೆರಿಗೆಯಲ್ಲಿ ರಕ್ತ ನಿಲ್ಲದೆ ಅಮ್ಮನನ್ನು ಗಾಡಿಯಲ್ಲಿ ಕೋಲಾರಕ್ಕೆ ಸಾಗಿಸಿದ್ದರು. ಇನ್ನೊಂದಾದರೆ ಜೀವ ಉಳಿಯುವುದಿಲ್ಲ ಎಂದು ಡಾಕ್ಟರು ಹೇಳಿದ್ದು ನನ್ನ ಕಿವಿಗೂ ಬಿದ್ದಿತ್ತು. ಅಲ್ಲಿಂದ ಮುಂದೆ ಅಮ್ಮ ಒಂದು ಹುಣಸೆಕಾಯಿ ಕಡಿದರೂ ಬಸುರಿಯೇನೋ ಎಂದು ನಾನು ಅವಳ ಹೊಟ್ಟೆ ನೋಡುತ್ತಿದ್ದೆ.

“ಈ ಬೆಳೆ ಒಂದು ಆಗಲಿ ಕಣೇ, ನಾನೇ ಹೋಗಿ ಮಾಡಿಸ್ಕೊಂಡು ಬರ್ತೀನಿ” ಎಂದು ಅಪ್ಪ ಮಾತು ಕೊಟ್ಟಿದ್ದರು. ಬೆಳೆ ಆಗುತ್ತಿತ್ತು. ಮತ್ತೊಂದು ಬೆಳೆ ಶುರುವಾಗುತ್ತಿತ್ತು. ರೇಷ್ಮೆ ಇಲಾಖೆಯವರು ಜೀಪಿನಲ್ಲಿ ಬಂದು, ಜಾಗ ಇದ್ದಷ್ಟೂ ಹುಳದ ಮೊಟ್ಟೆ ತನ್ನಿ ಎಂದು ಹುರಿದುಂಬಿಸುತ್ತಿದ್ದರು. ಎರಡು ಇಲಾಖೆಗಳಲ್ಲಿ ಒಂದರ ಮಾತನ್ನಾದರೂ ಅಪ್ಪ ಶಿರಸಾವಹಿಸಿ ಪಾಲಿಸಿದರು.

ಅಷ್ಟರಲ್ಲಿ ಚುನಾವಣೆಯಾಗಿ ದಿಲ್ಲಿಯ ಸರ್ಕಾರ ಬಿದ್ದಿತ್ತು. ಗಂಡಸರನ್ನು ಕೆಣಕಬಾರದೆಂಬ ಪಾಠ ಎಲ್ಲರೂ ಕಲಿತರು. ಎಂಬತ್ತರ ದಶಕದ ಜೀಪು ಹೆಂಗಸರನ್ನೇ ಕೇಳಿಕೊಂಡು ಬಂತು. ಅದರಲ್ಲಿ ಬರುತ್ತಿದ್ದ ನರ್ಸಮ್ಮ ಮಾಲೂರಿನ ಕಡೆಯವರು, ಬಾಯಿ ಜೋರು.

“ಒಳಗೆ ಬರಬೇಡಿ ನರ್ಸಮ್ಮ, ಹುಳ ನಾಲ್ಕನೇ ಜ್ವರ ಎದ್ದವೆ” ಎಂದರು ಅಪ್ಪ. ಹುಳ ಪೊರೆ ಬಿಡಲು ಮಲಗುವುದಕ್ಕೆ ನಮ್ಮಲ್ಲಿ ಜ್ವರ ಅನ್ನುತ್ತಾರೆ.

“ಹೋದ ತಿಂಗಳೂ ಜ್ವರ, ಅದರ ಹಿಂದಿನ ತಿಂಗಳೂ ಜ್ವರ. ಒಂದ್ಸಲ ಹುಳಾನೂ ಆಸ್ಪತ್ರೆಗೆ ಕರ್ಕೊಂಡು ಬನ್ನಿ ಯಜಮಾನ್ರೇ, ನೋಡೋಣ.”

ಪಾಪ, ಅವತ್ತು ಅಪ್ಪ ಹೇಳಿದ್ದು ನಿಜ. ನಾಲ್ಕನೇ ಜ್ವರ ಎದ್ದ ಹುಳಕ್ಕೆ ಎಂಟು ದಿನ ರಾಕ್ಷಸ ಹಸಿವು. ಮನೆ ತುಂಬ ಮಳೆ ಬಿದ್ದಂತೆ ಮೇಯುವ ಸದ್ದು. ಅಮ್ಮ ಸೊಪ್ಪಿನ ಬುಟ್ಟಿ ಇಳಿಸಿ, ಸೆರಗಿನಲ್ಲಿ ಮುಖ ಒರೆಸಿಕೊಂಡು ಹೊರಗೆ ಬಂದಳು.

“ಕ್ಯಾಂಪು ಯಾವತ್ತಮ್ಮ?”

“ಇವತ್ತೇ. ಜೀಪಲ್ಲಿ ಜಾಗ ಐತೆ.”

“ಲೇ, ನೀನು ಮಲಗಿಬಿಟ್ರೆ ಹುಳ ಯಾರೇ ನೋಡ್ತಾರೆ?” ಎಂದರು ಅಪ್ಪ.

“ನಾನು ಸತ್ರೆ ಯಾರು ನೋಡ್ತಾರೋ ಅವರೇ.”

ನರ್ಸಮ್ಮ ಕಾಗದ ಚಾಚಿ, ಗಂಡ ಒಪ್ಪಿ ಸಹಿ ಹಾಕಬೇಕು, ಇಲ್ಲವಾದರೆ ಗಂಡನೇ ಜೀಪು ಹತ್ತಬಹುದು ಎಂದರು. ಅಪ್ಪ ಅಷ್ಟು ಬೇಗ ಸಹಿ ಹಾಕಿದ್ದನ್ನು ನಾನು ಮೊದಲೂ ನೋಡಿರಲಿಲ್ಲ, ಆಮೇಲೂ ನೋಡಲಿಲ್ಲ.

ಮಾರನೆಯ ಸಂಜೆ ಜೀಪು ಅಮ್ಮನನ್ನು ಇಳಿಸಿ ಹೋಯಿತು. ಹೊಟ್ಟೆ ಹಿಡಿದುಕೊಂಡು ನಿಧಾನಕ್ಕೆ ಬಂದವಳು ಹೊಸ್ತಿಲ ಹತ್ತಿರ ನಿಂತು, ತಲೆಯೆತ್ತಿ ಬೇವಿನ ಸೊಪ್ಪು ನೋಡಿದಳು. ಆಮೇಲೆ ಜಗಲಿಯ ಮೇಲೇ ಚಾಪೆ ಹಾಸಲು ಅಕ್ಕನಿಗೆ ಹೇಳಿದಳು.

“ಇದೇನು, ಒಳಗೆ ಬಾರೇ” ಎಂದರು ಅಪ್ಪ, ಎರಡು ದಿನದ ಗಡ್ಡದಲ್ಲಿ ಸೊಪ್ಪಿನ ಚೂರು ಸಿಕ್ಕಿಸಿಕೊಂಡು.

“ಅಯ್ಯೋ, ಆಸ್ಪತ್ರೆಯಿಂದ ಬಂದೋಳು ಹುಳದ ಮನೆಗೆ ಬರಬಹುದಾ? ಇಷ್ಟು ವರ್ಷ ಎಲ್ಲರಿಗೂ ನೀವೇ ಹೇಳ್ತಿದ್ರಲ್ಲ.”

ಅಪ್ಪ ತಾವೇ ಕಟ್ಟಿದ ಸೊಪ್ಪನ್ನೊಮ್ಮೆ ನೋಡಿ, ಒಳಗಿನಿಂದ ದಿಂಬು ತಂದುಕೊಟ್ಟರು. ತೆಲುಗೂ ಬರಲಿಲ್ಲ.

ಹುಳ ಹಣ್ಣಾಗಿ, ಗೂಡು ಕಟ್ಟಲು ಬಿದಿರಿನ ಚಂದ್ರಿಕೆ ಹತ್ತುವವರೆಗೆ ಅಮ್ಮ ಜಗಲಿಯಲ್ಲೇ ಮಲಗಿದಳು. ಹೆರಿಗೆ ಬಿಟ್ಟರೆ ಅವಳು ಹಗಲಲ್ಲಿ ಮಲಗಿದ್ದನ್ನು ನಾನು ನೋಡಿದ್ದು ಅದೇ ಮೊದಲು. ಅಪ್ಪ ತಲೆಯ ಮೇಲೆ ಸೊಪ್ಪಿನ ಹೊರೆ ಹೊತ್ತು ಅವಳೆದುರಿಗೇ ದಿನಕ್ಕೆ ನಾಲ್ಕು ಸಲ ಓಡಾಡಿದರು. ಆಪರೇಷನ್ ಆಗದ ಗಂಡಸಿನ ಬಲ ಕಡೆಗೂ ಉಪಯೋಗಕ್ಕೆ ಬಂತು. ನಾವು ಐದು ಜನ ಮಕ್ಕಳಿದ್ದೂ ಕೈ ಸಾಲಲಿಲ್ಲ.

ಒಂದು ಮಧ್ಯಾಹ್ನ ಅವಳ ಪಕ್ಕ ಕೂತು, ವರ್ಷಗಳಿಂದ ಗಂಟಲಲ್ಲಿದ್ದದ್ದನ್ನು ಕೇಳಿಯೇಬಿಟ್ಟೆ. “ಅಮ್ಮಾ, ಗೋಡೆ ಮೇಲೆ ಬರೆದಂಗೆ ಎರಡಕ್ಕೇ ಮಾಡಿಸ್ಕೊಂಡಿದ್ರೆ, ನಾನು?”

ಅಮ್ಮ ಕಣ್ಣು ಬಿಡಲಿಲ್ಲ.

“ನೀನು ಇರ್ತಿರಲಿಲ್ಲ, ಹಿಂಗೆ ಪಿರಿಪಿರಿ ಕೇಳೋರೂ ಇರ್ತಿರಲಿಲ್ಲ. ಇನ್ನೊಂಚೂರು ನಿದ್ದೆ ಬರ್ತಿತ್ತು. ಹೋಗೋ, ಸೊಪ್ಪು ಹಾಕು, ಹುಳ ಹಸ್ಕೊಂಡವೆ.”

ಹೋಗಿ ಹಾಕಿದೆ. ಒಂದು ಬುಟ್ಟಿ ಹೆಚ್ಚೇ.