ಅಂಗಾಲಿನ ಕಪ್ಪು ಮಚ್ಚೆ

ಮೂಡುಬಿದಿರೆಯ ಚಪ್ಪಲಿ ಅಂಗಡಿಯಲ್ಲಿ ನನ್ನ ಬಲಗಾಲಿಗೆ ಚಪ್ಪಲಿ ತೊಡಿಸಲು ಬಗ್ಗಿದ ಅಂಗಡಿಯವರು, ಪಾದವನ್ನು ಸ್ವಲ್ಪ ಎತ್ತಿ ಹಿಮ್ಮಡಿಯ ಅಡಿಯನ್ನೇ ನೋಡುತ್ತ ಕುಳಿತರು. ಅಲ್ಲಿ ಹುಣಸೆ ಬೀಜದಷ್ಟು ಕಪ್ಪು ಮಚ್ಚೆಯಿತ್ತು. ಮುಳ್ಳು ಚುಚ್ಚಿ ಉಳಿದ ಕಲೆ ಎಂದುಕೊಂಡು ಒಂದು ವರ್ಷದಿಂದ ಸುಮ್ಮನಿದ್ದೆ.

"ಅಕ್ಕ, ಇದು ದೊಡ್ಡದಾಗ್ತಾ ಉಂಟಾ?" ಎಂದು ಕೇಳಿದರು. ಹೌದೆಂದೆ. ಅವರು ಚಪ್ಪಲಿಯನ್ನು ತಿರುಗಿ ಪೆಟ್ಟಿಗೆಗೆ ಹಾಕಿದರು. "ನನ್ನ ಅಣ್ಣನಿಗೂ ಹೀಗೇ ಇತ್ತು. ನೋವಿಲ್ಲ ಅಂತ ಬಿಟ್ಟರು, ಈಗ ಅವರಿಲ್ಲ. ನೀವು ಮೊದಲು ಚರ್ಮದ ಡಾಕ್ಟರಿಗೆ ತೋರಿಸಿ. ಚಪ್ಪಲಿ ಮತ್ತೆ ನೋಡುವ."

ಆ ವಾರವೇ ಹೋದೆ. ವೈದ್ಯೆ ಭೂತಗನ್ನಡಿಯಂಥ ಸಾಧನವಿಟ್ಟು ನೋಡಿ, ಚರ್ಮದ ಚೂರೊಂದನ್ನು ಪರೀಕ್ಷೆಗೆ ಕಳಿಸಿದರು. ಕ್ಯಾನ್ಸರ್ ಎಂದು ವರದಿ ಬಂತು. ಆದರೆ ಅದು ಆರಂಭದ ಹಂತದಲ್ಲಿದ್ದುದರಿಂದ ಮಚ್ಚೆಯನ್ನೂ ಸುತ್ತಲಿನ ಚರ್ಮವನ್ನೂ ಕತ್ತರಿಸಿ ತೆಗೆದದ್ದೇ ಸಾಕಾಯಿತು.

ದಿನವೂ ಕನ್ನಡಿಯಲ್ಲಿ ಮುಖ ನೋಡಿಕೊಳ್ಳುವ ನಾನು ನನ್ನ ಅಂಗಾಲನ್ನು ಸರಿಯಾಗಿ ನೋಡಿರಲೇ ಇಲ್ಲ. ಈಗ ತಿಂಗಳಿಗೊಮ್ಮೆ ಗಂಡ ನನ್ನ ಬೆನ್ನು, ಪಾದಗಳನ್ನು ನೋಡುತ್ತಾರೆ, ನಾನು ಅವರದನ್ನು ನೋಡುತ್ತೇನೆ. ಅವರ ಬೆನ್ನಿನಲ್ಲಿ ಏಳು ಮಚ್ಚೆಗಳಿವೆ ಎಂಬುದು ಮದುವೆಯಾಗಿ ಇಪ್ಪತ್ತೆರಡು ವರ್ಷಗಳ ಮೇಲೆ ನನಗೆ ಗೊತ್ತಾಯಿತು.